ಹೊಟ್ಟೆ ಸೀಳಿದ ಷ

ನೀರು ಕುಡಿದಷ್ಟು ಸುಲಭ ಎಂದಿದ್ದರು ವಕೀಲರಮ್ಮ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಕೇಳುತ್ತಿರುವ ವಿಚ್ಛೇದನ. ಜಗಳವಿಲ್ಲ, ಆಸ್ತಿಯ ತಕರಾರಿಲ್ಲ, ನನಗೆ ನಿನಗೆ ಎಂದು ಎಳೆದಾಡಲು ಮಕ್ಕಳೂ ಇಲ್ಲ. ಆ ನೀರು ಗಂಟಲಲ್ಲಿ ಸಿಕ್ಕಿಕೊಂಡದ್ದು ಇದು ಮೂರನೇ ಸಲ. ಅರ್ಜಿ ಮತ್ತೆ ವಾಪಸು ಬಂದಿತ್ತು.

ಮೊದಲ ಸಲ ಟೈಪಿಸ್ಟ್ ಮಹಾಶಯ ಮದುವೆಯ ಇಸವಿಯನ್ನು ತಪ್ಪಾಗಿ ಹೊಡೆದು, ಹುಡುಗಿ ಹುಟ್ಟುವ ಎರಡು ವರ್ಷ ಮೊದಲೇ ಅವಳ ಮದುವೆ ಮಾಡಿಸಿಬಿಟ್ಟಿದ್ದ. ಎರಡನೇ ಸಲ, ನಾಲ್ಕನೇ ಪುಟದಲ್ಲಿ ಹೆಂಡತಿ ಸಹಿ ಹಾಕಬೇಕಾದ ಜಾಗದಲ್ಲಿ ಗಂಡ ಸಹಿ ಹಾಕಿದ್ದ. “ಗೆರೆ ಎಳೆದವನು ನೆಟ್ಟಗೆ ಎಳೆದಿರಲಿಲ್ಲ. ನಂದೇನು ತಪ್ಪಿದೆ ಇದರಲ್ಲಿ?” ಎಂದ ಗಂಡ. ಅವನು ಹಾಗೆ ಅನ್ನದಿದ್ದರೆ ಆಶ್ಚರ್ಯಪಡಬೇಕಿತ್ತು.

ಅವನು ಅಂಗಡಿ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಅವನ ಅಕ್ಷರಗಳಿವೆ, ಒಂದರಲ್ಲೂ ತಪ್ಪಿಲ್ಲ. ಇದನ್ನು ಅವನೇ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಮೈ ಸುಡುವ ಜ್ವರದಲ್ಲಿ ಡಾಕ್ಟರ ಮುಂದೆ ಕೂತು, ನಾಲಗೆ ಚಾಚುವುದಕ್ಕೆ ಮೊದಲು, ಹೊರಗಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದ ಪುಣ್ಯಾತ್ಮ ಅವನು. ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನೂ ತಿದ್ದಿಯೇ ಅಂಗಡಿಗೆ ಒಯ್ಯುತ್ತಿದ್ದ. ಅವಳೋ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಟೀಚರು.

ಮನೆ ಬಿಡುವ ದಿನ ಅವಳು ಕೂಗಾಡಲಿಲ್ಲ. “ನಿಮ್ಮ ಜೊತೆ ಬಾಳೋದಂದ್ರೆ ದಿನಾ ಪರೀಕ್ಷೆಗೆ ಕೂತ ಹಾಗೆ. ಇಪ್ಪತ್ಮೂರು ವರ್ಷ ಕೂತೆ. ಒಂದೇ ಒಂದು ಸಲ ‘ನಂದು ತಪ್ಪಾಯ್ತು’ ಅಂದಿದ್ರೆ ಇನ್ನೂ ಕೂತಿರ್ತಿದ್ದೆ,” ಎಂದಳು. “ತಪ್ಪು ಮಾಡಿದ್ರೆ ತಾನೇ ಹೇಳೋದು?” ಎಂದ ಇವನು. ಅಲ್ಲಿಗೆ ಮಾತು ಮುಗಿದಿತ್ತು.

ಅರ್ಜಿಯಲ್ಲಿ ಅವನು ಹಟ ಹಿಡಿದು ಸೇರಿಸಿದ್ದ ಸಾಲೊಂದಿತ್ತು: ‘ಈ ದಾಂಪತ್ಯ ಮುರಿಯುವುದರಲ್ಲಿ ಯಾರ ತಪ್ಪೂ ಇಲ್ಲ.’ ಆ ಸಾಲು ಕೋರ್ಟಿನ ಮೊಹರು ಹೊತ್ತು ಬರಬೇಕು. ಹೆಂಡತಿ ಹೋದರೂ ಸರಿ, ತಪ್ಪು ಮಾತ್ರ ತನ್ನ ತಲೆಗೆ ಬರಬಾರದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಕೋರ್ಟಿನ ಗುಮಾಸ್ತರ ಕೋಣೆ ಎಂದರೆ ಮೂರು ಕಬ್ಬಿಣದ ಬೀರು, ಒಂದು ಮೇಜು, ಮೇಜಿನ ಮೇಲೆ ದಾರ ಕಟ್ಟಿದ ಫೈಲುಗಳ ಗುಡ್ಡೆ. ಈ ಸಲ ಏನು ತಪ್ಪೆಂದು ಕೇಳಲು ಬಂದ ಗಂಡ ಹೆಂಡತಿಯ ಎದುರು ಗುಮಾಸ್ತರು ಭೂತಗನ್ನಡಿ ಹಿಡಿದು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟರು.

“ಹುಟ್ಟಿದ ದಾಖಲೇಲಿ ಅಮ್ಮನವರ ಹೆಸರಲ್ಲಿ ಶಂಖದ ಶ ಇದೆ. ಮದುವೆ ದಾಖಲೇಲಿ ಹೊಟ್ಟೆ ಸೀಳಿದ ಷ ಇದೆ. ಕಾನೂನಿನ ಕಣ್ಣಿಗೆ ಇವರು ಇಬ್ಬರು ಹೆಂಗಸರು. ನೀವು ಮದುವೆ ಆಗಿರೋದು ಒಬ್ಬರನ್ನ, ಬಿಡ್ತಾ ಇರೋದು ಇನ್ನೊಬ್ಬರನ್ನ.”

“ಹೊಟ್ಟೆ ಸೀಳಿದ್ದೇ ಸರಿ ಸಾರ್,” ಎಂದ ಅವನು. “ಮದುವೆ ಫಾರಂ ತುಂಬಿದವನು ನಾನೇ. ನನ್ನ ಕೈಯಲ್ಲಿ ತಪ್ಪು ಬರಲ್ಲ. ಇವಳ ಶಾಲೆ ದಾಖಲೆ ತೆಗೆಸಿ, ಬ್ಯಾಂಕಿನದು ತೆಗೆಸಿ, ನಮ್ಮನೆ ಬಾಗಿಲ ಬೋರ್ಡು ನೋಡಿ. ಇವಳ ಸಹೀನೇ ನೋಡಿ ಬೇಕಾದ್ರೆ. ಹುಟ್ಟಿದ ದಾಖಲೆ ಬರೆದವನಿಗೆ ಅಕ್ಷರ ಬರ್ತಿರಲಿಲ್ಲ, ಅಷ್ಟೇ.”

ಹೆಂಡತಿ ಕೈಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಅದರೊಳಗಿಂದ ಮಡಿಕೆಯಲ್ಲಿ ಹರಿಯತೊಡಗಿದ್ದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟಳು. “ಇದರಿಂದ ಏನಾದ್ರೂ ಆಗುತ್ತಾ ನೋಡಿ ಸಾರ್,” ಎಂದಳು. ಗುಮಾಸ್ತರು ಓದಿ ಅವನತ್ತ ತಳ್ಳಿದರು.

ಮದುವೆಯಾದ ಒಂಬತ್ತನೇ ದಿನ ಅವಳು ಶಾಲೆಗೆ ಬರೆದುಕೊಟ್ಟಿದ್ದ ಅಫಿಡವಿಟ್ ಅದು. ‘ಹುಟ್ಟಿನಿಂದ ಶ ಅಕ್ಷರ ಹಾಕಿ ಬರೆಯುತ್ತಿದ್ದ ನನ್ನ ಹೆಸರನ್ನು ಇನ್ನು ಮುಂದೆ ಷ ಅಕ್ಷರ ಹಾಕಿ ಬರೆಯುತ್ತೇನೆ. ಎರಡೂ ಹೆಸರಿನವಳು ನಾನೇ.’ ಅದರ ಕೆಳಗೆ ಕಾರಣ ಎಂಬ ಕಲಮಿನಲ್ಲಿ ಅವಳದೇ ದುಂಡಗಿನ ಕೈಬರಹ: ‘ನಮ್ಮ ಯಜಮಾನರು ಹೀಗೆ ಬರೆದಿದ್ದಾರೆ. ಚೆನ್ನಾಗಿದೆ.’

ಅವನು ಒಮ್ಮೆ ಓದಿದ, ಮತ್ತೊಮ್ಮೆ ಓದಿದ.

“ಅವತ್ತೇ ಯಾಕೆ ಹೇಳಲಿಲ್ಲ?”

“ಫಾರಂ ತುಂಬುವಾಗ ನಿಮಗೆ ಬೋರ್ಡು ಬರೆಯೋದು ಕಲಿಸಿದ ಗುರುಗಳು ಪಕ್ಕದಲ್ಲೇ ನಿಂತಿದ್ರು. ಇವನ ಕೈಯಲ್ಲಿ ತಪ್ಪು ಬರಲ್ಲಮ್ಮ ಅಂತ ನನಗೇ ಹೇಳ್ತಾ ಇದ್ರು. ನನ್ನ ತಮ್ಮ ಬಾಯಿ ತೆಗೆದ, ನಾನು ಅವನನ್ನ ಚಿವುಟಿದೆ. ನೀವು ಆ ಹೊಟ್ಟೆ ಮೇಲೆ ಗೀಟು ಎಳೆದ್ರಲ್ಲ, ಅಷ್ಟು ಚೆಂದದ್ದನ್ನ ಹೊಡೆದುಹಾಕಿ ಅಂತ ಹೇಗೆ ಹೇಳೋದು?”

“ಆಮೇಲಾದ್ರೂ ಹೇಳಬಹುದಿತ್ತು.”

“ಹೇಳಿದ್ರೆ ನಿಮ್ಮ ಮುಖ ಹೇಗಾಗ್ತಿತ್ತು ಅಂತ ಗೊತ್ತಿತ್ತು. ಆಮೇಲೆ ಕೈಗೆ ಅದೇ ಅಭ್ಯಾಸ ಆಯ್ತು.”

“ಶಾಲೇಲಿ ಯಾರೂ ಕೇಳಲಿಲ್ವಾ?”

“ಒಂದು ಹುಡುಗಿ ಕೇಳಿದ್ಲು, ಟೀಚರ್ ನಿಮ್ಮ ಹೆಸರೇ ತಪ್ಪು ಅಂತ. ಅದು ನಮ್ಮನೆಯವರ ಕೈಬರಹ ಕಣಮ್ಮ ಅಂದೆ.”

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ದಿನಕ್ಕೆ ಎರಡು ಸಲ ಹಾಜರಿ ಪುಸ್ತಕದಲ್ಲಿ, ಪ್ರತಿ ಮಗುವಿನ ಅಂಕಪಟ್ಟಿಯಲ್ಲಿ, ಪ್ರತಿ ಕಾಗದದ ಕೊನೆಯಲ್ಲಿ ತಾನು ಮಾಡಿದ ತಪ್ಪನ್ನು ಇವಳು ತನ್ನ ಹೆಸರೆಂದು ಬರೆದಿದ್ದಾಳೆ. ತಾನು ಇವಳ ಚೀಟಿಯನ್ನು ತಿದ್ದಿಕೊಟ್ಟ ದಿನಗಳಲ್ಲೂ ಬರೆದಿದ್ದಾಳೆ. ಜಗಳವಾಡಿ ಮಾತು ಬಿಟ್ಟ ವಾರಗಳಲ್ಲೂ, ಮನೆ ಬಿಟ್ಟು ಹೋದ ಮೇಲೂ ಬರೆದಿದ್ದಾಳೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ತಲೆ ಬಗ್ಗಿಸಿ ಕೂತವನಿಗೆ, ಮನೆಯ ಹಿಂದೊಂದು ಬೆಟ್ಟವಿದೆ ಎಂಬುದು ಇವತ್ತು ಕಂಡಿತ್ತು. ಇಷ್ಟು ದೊಡ್ಡದರ ನೆರಳಲ್ಲಿ ಇದ್ದೆನಲ್ಲಾ ಎಂದುಕೊಂಡ. ಭಯವಾದಂತೆಯೂ ಆಯಿತು, ಕೈಮುಗಿಯಬೇಕು ಅಂತಲೂ ಅನ್ನಿಸಿತು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. “ಮೂವತ್ತು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ಹೆಸರಿಗೋಸ್ಕರ ಬಡಿದಾಡೋರನ್ನ ಬೇಕಾದಷ್ಟು ಜನ ನೋಡಿದೀನಿ. ಬಿಟ್ಟುಕೊಟ್ಟೋರನ್ನ ನೋಡಿರಲಿಲ್ಲ,” ಎಂದರು. ಕನ್ನಡಕ ಮೂಗಿಗೇರಿದ್ದೇ ತಡ, ಮತ್ತೆ ಗುಮಾಸ್ತರಾದರು. “ಆದ್ರೆ ಇದು ಜೆರಾಕ್ಸು, ನಡೆಯಲ್ಲ. ಅಸಲು ಶಾಲೆ ಆಫೀಸಲ್ಲಿ ಎಲ್ಲಿ ಹೂತುಹೋಗಿದೆಯೋ. ಫಾರಂ ತುಂಬಿದವರು ತಪ್ಪು ತಮ್ಮದು ಅಂತ ಕೈಯಾರೆ ಬರೆದು, ಅಮ್ಮನವರು ಕೆಳಗೆ ಹುಟ್ಟು ಹೆಸರಲ್ಲಿ ಸಹಿ ಹಾಕಿದ್ರೆ ಇವತ್ತೇ ತಗೋತೀನಿ. ಆಗಲ್ಲ ಅಂದ್ರೆ ತಿದ್ದುಪಡಿಗೆ ಬೇರೆ ಅರ್ಜಿ. ಆರು ತಿಂಗಳು.”

ಒಂದು ಗಂಟೆ ಹಿಂದೆ ಹೇಳಿದ್ದರೆ ಆರು ತಿಂಗಳೇ ಇರಲಿ ಎನ್ನುತ್ತಿದ್ದ. ಈಗ ಕುರ್ಚಿ ಎಳೆದುಕೊಂಡು ಕೂತ. ಒಂದು ಬಿಳಿ ಹಾಳೆ ಮುಂದಿಟ್ಟುಕೊಂಡ. ಬರೆದ: ‘ತಪ್ಪು ನನ್ನದು. ನಿನ್ನ ಹೆಸರನ್ನು ಹೇಗೆ ಬರೆಯುತ್ತೀ ಎಂದು ನಾನು ಕೇಳಲಿಲ್ಲ.’ ಆಮೇಲೆ ಅವಳ ಹೆಸರು ಬರೆದ, ಶಂಖದ ಶ ಹಾಕಿ. ಮದುವೆಯಾದಂದಿನಿಂದ ಇದೇ ಮೊದಲ ಸಲ ಹೆಂಡತಿಯ ಹೆಸರನ್ನು ಸರಿಯಾಗಿ ಬರೆದಿದ್ದ, ಅದೂ ಅವಳನ್ನು ಬಿಡುವ ಕಾಗದದಲ್ಲಿ.

“ನಂದು ತಪ್ಪಾಯ್ತು,” ಎಂದ, ಬಾಯಿಬಿಟ್ಟು.

“ಬೇಗ ಹೇಳಿದ್ರಿ,” ಎಂದು ಅವಳು ನಕ್ಕಳು. ನಗುವಾಗ ಕಣ್ಣು ತುಂಬಿದವು. ಅವಳು ಅವನು ಬರೆದದ್ದನ್ನು ಓದಿದಳು. ಶ ಅಕ್ಷರದ ಮೇಲೆ ಬೆರಳಾಡಿಸಿ, “ಇದೂ ಚೆನ್ನಾಗೇ ಬಂದಿದೆ,” ಎಂದಳು. ಮನೆಗೆ ಬಾ ಎಂದು ಅವನು ಕೇಳಲಿಲ್ಲ. ಕೇಳುವ ಯೋಗ್ಯತೆ ಒಂದು ಗಂಟೆಯಲ್ಲಿ ಬರುವಂಥದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ತೇವವಾದ ಕಣ್ಣಲ್ಲಿ, ನೋಡಿಯೂ ನೋಡದ ಹಾಗೆ. ಕೈ ತನ್ನ ಹಳೆಯ ದಾರಿಯಲ್ಲೇ ಹೋಯಿತು. ಅಕ್ಷರ ದುಂಡಗಾಗಿ ತಿರುಗಿತು, ಪೆನ್ನು ಮೇಲೆದ್ದಿತು, ಇಳಿದು ಅದರ ಹೊಟ್ಟೆ ಸೀಳಿತು.

ಅವನಿಗೆ ಕಂಡಿತು. ಹತ್ತು ಗಜ ದೂರದಿಂದಲೇ ಒತ್ತಕ್ಷರದ ತಪ್ಪು ಹಿಡಿಯುವ ಕಣ್ಣಿಗೆ ಇದು ಕಾಣದೆ ಇರುತ್ತದೆಯೇ? ನಾಲಗೆ ತುದಿಗೆ ಮಾತು ಬಂತು. ಅವನು ತುಟಿ ಬಿಗಿಹಿಡಿದ.

ಹೊರಗೆ ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಗುಮಾಸ್ತರು ಭೂತಗನ್ನಡಿಯನ್ನು ಡ್ರಾಯರಿಗೆ ಹಾಕಿ, ಮೊಹರನ್ನು ಶಾಯಿಗೆ ಒತ್ತಿಕೊಂಡು, ಹಾಳೆಯನ್ನು ಅವನ ಮುಂದೆ ಹಿಡಿದರು.

“ನೀವು ಅಕ್ಷರ ಬಲ್ಲವರು, ನೀವೇ ನೋಡಿ ಹೇಳಿಬಿಡಿ. ಇನ್ನೇನೂ ತಪ್ಪಿಲ್ಲ ತಾನೇ?”

ಅವನು ಆ ಸಹಿಯನ್ನು ಎಷ್ಟು ಹೊತ್ತು ನೋಡಬೇಕೋ ಅಷ್ಟು ಹೊತ್ತು ನೋಡಿದ.

“ಇಲ್ಲ ಸಾರ್,” ಎಂದ. “ಒಂದೂ ತಪ್ಪಿಲ್ಲ.”

ಗುಮಾಸ್ತರು ಮೊಹರು ಒತ್ತಿದರು.