ತಕರಾರಮ್ಮನ ಬಹುವಚನ

ಮಕ್ಕಳ ಪಾಠವನ್ನು ಆಕೆ ಎಂದೂ ಕೂತು ಓದಿದವರಲ್ಲ. ಕಿಟಕಿಯ ಬಳಿ ನಿಂತು, ಜೋತುಬಿದ್ದ ಬೂದು ಕೋಟಿನ ಜೇಬಿಗೆ ಒಂದು ಕೈ ಇಳಿಸಿ, ಯಾರದೋ ಮನೆಯ ಬಾಗಿಲು ತಟ್ಟಿದಂತೆ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಉಚ್ಚರಿಸಿ, ಒಳಗಿನಿಂದ ಏನು ಉತ್ತರ ಬಂದೀತೋ ಎಂದು ಕ್ಷಣಕಾಲ ಕಾಯುವರು. ಆನ್‌ಲೈನ್ ತರಗತಿಗಳಿಗೆ ಪಾಠ ಬರೆಯುವ ನಮ್ಮಂಥವರ ಲೇಖನಿಯಿಂದ ಯಾವ ಮನೆಯ ಮಗುವಿಗೂ ನೋವಾಗುವ ಪಕ್ಷಪಾತ ನುಸುಳದಂತೆ ಕಾಯುವುದೇ ಆಕೆಯ ಉದ್ಯೋಗ. ಕಚೇರಿಯಲ್ಲಿ ಆಕೆಗೆ ತಕರಾರಮ್ಮನೆಂದೇ ಹೆಸರು. ಇಟ್ಟವರು ಯಾರೆಂದು ಮಾತ್ರ ನನ್ನನ್ನು ಕೇಳಬೇಡಿ.

‘ನಿಮ್ಮ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸಿ’ ಎಂದು ನಾನೊಮ್ಮೆ ಬರೆದಿದ್ದೆ.

“ಇಡೀ ಮನೆಗೆ ಒಂದೇ ಕೋಣೆ ಇರೋ ಮಗು ಏನ್ರೀ ತೋರಿಸ್ಬೇಕು? ಮಲಗಿರೋ ತಾತನ್ನಾ?”

ಮೈಯೆಲ್ಲ ಉರಿಯಿತು. ಆದರೂ ‘ನಿಮಗಿಷ್ಟವಾದ ಒಂದು ವಸ್ತು ತೋರಿಸಿ’ ಎಂದು ತಿದ್ದಿದೆ. ಒಂದು ಮಗು ತಾತನ ಕನ್ನಡಕ ತಂದು, ನನ್ನ ಪಾಠಕ್ಕಿಂತ ಸೊಗಸಾಗಿ ಮಾತಾಡಿತು.

ಆಕೆಯ ಹಟ ಕುತ್ತಿಗೆಗೇ ಬಂದದ್ದು ‘ನಮ್ಮ ಬೀದಿ’ ಎಂಬ ನನ್ನ ಪಾಠದಿಂದ. ‘ಡಾಕ್ಟರು ಬಂದರು. ಕಸ ಗುಡಿಸುವವಳು ಬಂದಳು.’ ಧ್ವನಿಮುದ್ರಣವೂ ಮುಗಿದಿತ್ತು. ಆಕೆ ಒಪ್ಪಿಗೆ ಕೊಡಲಿಲ್ಲ. ಆ ವಾರವೇ ಆಕೆಯ ಕೆಲಸದ ಒಪ್ಪಂದ ಮುಂದುವರಿಯಬೇಕಿತ್ತು. ಮುಖ್ಯಸ್ಥರು ಅದನ್ನು ನೆನಪಿಸಿಯೇ ಮಾತು ತೆಗೆದರು.

“ಒಂದು ಪ್ರತ್ಯಯಕ್ಕೆ ಇಷ್ಟೆಲ್ಲ ರಾದ್ಧಾಂತ ಏನಮ್ಮಾ? ಹೆತ್ತ ತಾಯಿನೇ ‘ಅವಳು’ ಅಂತೀವಿ, ದೇವರನ್ನೇ ‘ನೀನು’ ಅಂತೀವಿ!”

ಭಲೇ, ತಕರಾರಮ್ಮ ಸಿಕ್ಕಿಬಿದ್ದರು ಎಂದು ಒಳಗೊಳಗೇ ಹಿಗ್ಗಿದೆ.

“ಅದು ಸಲಿಗೆ ಸಾರ್,” ಎಂದರು ಆಕೆ, ಧ್ವನಿಯೇರಿಸದೆ. “ಗುಡಿಸೋರ ಜೊತೆ ನಮಗ್ಯಾವ ಸಲಿಗೆ? ಅವರ ಹೆಸರಾದ್ರೂ ಗೊತ್ತಾ?”

ನಾವು ನಿಂತಿದ್ದ ಕೋಣೆಯನ್ನೇ ದಿನವೂ ಗುಡಿಸುವವರ ಹೆಸರು ಮುಖ್ಯಸ್ಥರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

“ಹಾಗಾದ್ರೆ ‘ಡಾಕ್ಟರ್ ಬಂದ’ ಅಂತ ಮಾಡಿ. ಸಮ ಆಯ್ತಲ್ಲ?”

“ಮಾಡೋಣ ಸಾರ್. ಮೊದಲು ನಿಮ್ಮ ಡಾಕ್ಟರ ಎದುರಿಗೆ ಓದಿ ಬನ್ನಿ.”

ಮುಖ್ಯಸ್ಥರಿಗೆ ನಗು ತಡೆಯಲಾಗಲಿಲ್ಲ. ಗೊಣಗುತ್ತಲೇ ಮತ್ತೊಮ್ಮೆ ಧ್ವನಿಮುದ್ರಣ ಮಾಡಿಸಲು ಒಪ್ಪಿದರು, ಒಪ್ಪಂದಕ್ಕೂ ಸಹಿ ಬಿತ್ತು.

ತರಗತಿಯ ದಿನ ನಾವು ಮೂವರೂ ಪರದೆಯ ಮುಂದಿದ್ದೆವು. ಒಬ್ಬ ಹುಡುಗಿ ಓದಿದಳು: “ಡಾಕ್ಟರು ಬಂದರು. ಕಸ ಗುಡಿಸುವವರು ಬಂದರು.” ತಟ್ಟನೆ ನಿಲ್ಲಿಸಿ, ಮುಖ ಹಿಂದಕ್ಕೆ ತಿರುಗಿಸಿ, ಮನೆಯೇ ಹಾರಿಹೋಗುವಂತೆ ಕೂಗಿದಳು: “ಅಮ್ಮಾ, ಬೇಗ ಬಾರೇ! ಪಾಠದಲ್ಲಿ ನೀನು ಬಂದಿದ್ದೀಯ!”

ಆ ಅಮ್ಮನನ್ನು ನೋಡಲು ಮುಖ್ಯಸ್ಥರೂ ನಾನೂ ಪರದೆಯತ್ತ ಬಾಗಿದೆವು. ತಕರಾರಮ್ಮ ಮಾತ್ರ ಮುಂದಿನ ಪಾಠದಲ್ಲೇನೋ ತಪ್ಪಿದೆಯೆಂದು ಎದ್ದು ಹೋದರು.

ಇಂಥವರಿದ್ದಲ್ಲಿ ಕೆಲಸ ತಡವಾಗುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ, ಹೊಗಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಎಲ್ಲ ಮನೆಯ ಮಕ್ಕಳೂ ತಲೆಯೆತ್ತಿ ಓದಬಲ್ಲ ಒಂದು ವಾಕ್ಯ ಲೋಕದಲ್ಲಿ ಎಲ್ಲಾದರೂ ಇದ್ದರೆ, ಅದಕ್ಕಾಗಿ ಇಂಥವರೊಬ್ಬರು ಯಾರೊಡನೆಯೋ ಜಗಳವಾಡಿಯೇ ಇರುತ್ತಾರೆ.