ಅಮ್ಮ ಬ್ರೇಕ್ ಒತ್ತಿದ ದಿನ

ಗಾಜಿನ ಅಂಗಡಿಯವನ ಪಿಕಪ್ಪಿಗೆ ಬ್ರೇಕ್ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಒತ್ತಿದ ಮೇಲೆ ಗಾಡಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ನಿಲ್ಲುತ್ತಿತ್ತು. ಅವನ ಕಾಲು ಇದಕ್ಕೆ ಒಗ್ಗಿಹೋಗಿತ್ತು. ಬೇರೆಯವರು ಬ್ರೇಕ್ ಒತ್ತುವ ಜಾಗಕ್ಕಿಂತ ಎರಡು ಅಂಗಡಿ ಮೊದಲೇ ಅವನು ಒತ್ತಲು ಶುರುಮಾಡುತ್ತಿದ್ದ. ಇಳಿಜಾರಾದರೆ ನಾಲ್ಕು ಅಂಗಡಿ. ಹಿಂದೆ ಗಾಜು ಹೇರಿದ್ದರಿಂದ ಮೆಲ್ಲಗೆ ಹೋಗುತ್ತಾನೆ ಎಂದು ಜನ ಅಂದುಕೊಂಡಿದ್ದರು. ಅವನೂ ಹಾಗೆಂದೇ ಹೇಳಿಕೊಂಡಿದ್ದ.

ಗಾಡಿ ಅಪ್ಪನದು. ಅಪ್ಪ ಮೆಕ್ಯಾನಿಕ್. ಐದು ವರ್ಷದ ಹಿಂದೆ ಅವನು ತೀರಿಕೊಂಡಾಗ ಶೆಡ್ಡು ಅಕ್ಕನಿಗೆ, ಗಾಡಿ ತಮ್ಮನಿಗೆ ಎಂದು ಯಾವ ತಕರಾರೂ ಇಲ್ಲದೆ ಹಂಚಿಕೆಯಾಯಿತು. ಅಕ್ಕ ಹದಿನಾರನೇ ವಯಸ್ಸಿನಿಂದಲೇ ಗಾಡಿಗಳ ಕೆಳಗೆ ಅಂಗಾತ ಮಲಗಿ ಕೆಲಸ ಕಲಿತವಳು. ತಮ್ಮನಿಗೆ ಗ್ರೀಸಿನ ವಾಸನೆಯೇ ಆಗದು. ಅವನು ಗಾಜು ಕತ್ತರಿಸುವ ಕಸುಬು ಹಿಡಿದ.

ತಕರಾರು ಬಂದದ್ದು ಆಮೇಲೆ. ಮೂರು ವರ್ಷದ ಹಿಂದೆ ಒಂದು ದಿನ ಗಾಡಿಯಲ್ಲಿ ಅಕ್ಕನ ಶೆಡ್ಡಿಗೆ ಬಂದವನು ಅದನ್ನು ಬಾಗಿಲಿಗೆ ತಾಗಿಸಿಯೇ ನಿಲ್ಲಿಸಿದ. ತಗಡಿನ ಬಾಗಿಲು ಒಳಕ್ಕೆ ತಗ್ಗಿಹೋಯಿತು.

"ಗಾಡಿ ಓಡಿಸೋಕೆ ಬಂದ್ರೆ ಸಾಲದು, ನಿಲ್ಲಿಸೋಕೂ ಬರಬೇಕು," ಅಂದಳು ಅಕ್ಕ, ನಾಲ್ಕು ಜನ ಗಿರಾಕಿಗಳ ಎದುರಿಗೆ.

"ಬಾಗಿಲೇ ರಸ್ತೆಗೆ ಬಂದು ನಿಂತಿದೆ," ಅಂದ ತಮ್ಮ.

ಬಾಗಿಲು ಮೂವತ್ತು ವರ್ಷದಿಂದ ಅಲ್ಲೇ ಇತ್ತು. ಆದರೆ ಇಬ್ಬರಿಗೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸವಿರಲಿಲ್ಲ. ಅಂದಿನಿಂದ ಮಾತು ಬಿಟ್ಟರು. ಅಮ್ಮ ರಾತ್ರಿ ಮಗನ ಮನೆಯಲ್ಲಿ ಮಲಗಿ, ಮಧ್ಯಾಹ್ನ ಮಗಳ ಮನೆಯಲ್ಲಿ ಉಂಡು, ನಡುವೆ ಇಬ್ಬರ ಮಾತು ಸಾಗಿಸುವ ಟಪಾಲಿನ ಕೆಲಸ ಮಾಡುತ್ತಿದ್ದಳು. ಟಪಾಲಿನವರು ಕಾಗದ ಒಡೆಯುವುದಿಲ್ಲ. ಅಮ್ಮ ಒಡೆದು, ಓದಿ, ತಿದ್ದಿ ತಲುಪಿಸುತ್ತಿದ್ದಳು.

ಅವನು ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದ ಒಂದು ಬೆಳಿಗ್ಗೆ ವಿಷಯ ಕೈಮೀರಿತು. ಕ್ಷೌರದಂಗಡಿಗೆ ಕೊಡಬೇಕಾದ ಆಳೆತ್ತರದ ಕನ್ನಡಿಯನ್ನು ಹಿಂದೆ ಕಟ್ಟಿಕೊಂಡಿದ್ದ. ಇಳಿಜಾರಿನ ಕೊನೆಯ ವೃತ್ತದಲ್ಲಿ ಟ್ರಾಫಿಕ್ ಪೇದೆ ಕೈ ಅಡ್ಡ ಹಿಡಿದ. ಗಾಜಿನವನು ನಾಲ್ಕು ಅಂಗಡಿ ಮೊದಲೇ ಒತ್ತಿದ್ದ. ಆ ದಿನ ನಾಲ್ಕು ಸಾಲಲಿಲ್ಲ. ಪೇದೆ ಕೈಯನ್ನು ಹಾಗೆಯೇ ಹಿಡಿದುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಗಾಡಿ ಅವನನ್ನು ದಾಟಿ ನಿಂತಿತು.

ಪೇದೆ ನಡೆದುಕೊಂಡು ಬಂದು ಕಿಟಕಿಯಲ್ಲಿ ಬಗ್ಗಿದ. "ನಾನು ಕೈ ತೋರಿಸಿದ್ದು ಅಲ್ಲಿ. ನೀವು ನಿಂತಿರೋದು ಇಲ್ಲಿ."

"ಹೌದು ಸಾರ್."

"ಇವತ್ತೇ ಸರಿ ಮಾಡಿಸಿ. ನಾಳೆ ನಾನು ಇಲ್ಲೇ ಇರ್ತೀನಿ. ಇರಬೇಕು ಅಂತ ಆಸೆ."

ಅಮ್ಮ ಎರಡೂ ಪಾದಗಳನ್ನು ಗಾಡಿಯ ನೆಲಕ್ಕೆ ಒತ್ತಿ ಹಿಡಿದು ಕೂತಿದ್ದಳು.

"ಅಲ್ಲಿ ಬ್ರೇಕ್ ಇಲ್ಲಮ್ಮಾ," ಅಂದ ಮಗ.

"ನಿನ್ನ ಕಡೇನೂ ಇಲ್ವಲ್ಲ," ಅಂದಳು ಅಮ್ಮ. "ಕಣ್ಣು ನಾಳೆ ತೋರಿಸ್ತೀನಿ. ಗಾಡಿ ತಿರುಗಿಸು. ಶೆಡ್ಡಿಗೆ ನಡಿ."

ಅವನು ಬೇರೆ ಮೆಕ್ಯಾನಿಕ್‌ಗಳ ಹೆಸರು ಹೇಳಿದ. ಅಮ್ಮ ಕೇಳಿಸಿಕೊಳ್ಳಲಿಲ್ಲ. ಶೆಡ್ಡಿನ ಮುಂದೆ, ಬಾಗಿಲಿಗೆ ಸಾಕಷ್ಟು ಜಾಗ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ.

ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗಾಡಿಯನ್ನು ನೋಡಿದಳು. ತಮ್ಮನನ್ನು ನೋಡಲಿಲ್ಲ. "ಏನಂತೆ ಅಮ್ಮಾ?"

"ಪೊಲೀಸಿನವರು ಪಾಪ, ಜಿಗಿದು ಬದುಕಿಕೊಂಡ್ರು."

"ಜಿಗೀಲಿಲ್ಲ. ಸರಿದರು," ಅಂದ ತಮ್ಮ, ಆಕಾಶಕ್ಕೆ.

ಅಕ್ಕ ಕೂತು ಪೆಡಲ್ ಒತ್ತಿ ನೋಡಿದಳು. ಕಾಲು ಹಾಸಿಗೆಗೆ ಇಳಿದಂತೆ ಮೆತ್ತಗೆ ಇಳಿದು ನೆಲ ಮುಟ್ಟಿತು. ಜಾಕ್ ತಂದಳು. ಹಿಂದಿನ ಎಡಗಾಲಿ ಬಿಚ್ಚಿ, ಅದರ ಹಿಂದಿದ್ದ ಬಟ್ಟಲಿನಂಥ ಬ್ರೇಕ್ ಡ್ರಮ್ ಕಳಚಿದಳು. ಒಳಗಿನ ಸಿಲಿಂಡರ್ ಸೋರಿ ಬ್ರೇಕ್ ಶೂ ಎರಡೂ ಎಣ್ಣೆಯಲ್ಲಿ ತೊಯ್ದಿದ್ದವು. ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಶೂಗಳು ಅದನ್ನು ಸವರಿ ಬಿಡುತ್ತಿದ್ದವು. ಬಲಗಾಲಿಯ ಶೂ ಸವೆದು ತಗಡಿನಷ್ಟಾಗಿತ್ತು. ಮುಂದಿನ ಗಾಲಿಗಳಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಹಿಡಿದುಕೊಂಡು ಅಕ್ಕ, "ಅಮ್ಮಾ, ಅವನಿಗೆ ಪೆಡಲ್ ಒತ್ತೋಕೆ ಹೇಳು," ಅಂದಳು. ಅವನು ಒತ್ತಿದ. ಪೈಪು ಇಲಿ ನುಂಗಿದ ಹಾವಿನಂತೆ ಉಬ್ಬಿತು.

"ಒತ್ತಿದ ಬಲವೆಲ್ಲ ಪೈಪು ಉಬ್ಬೋದಕ್ಕೇ ಹೋಗ್ತಿದೆ ಅಂತ ಹೇಳು."

ತಮ್ಮ ಮಾರು ದೂರದಲ್ಲಿದ್ದ. "ಕೇಳಿಸ್ತು ಅಂತ ಹೇಳಮ್ಮಾ."

"ಕೇಳಿಸ್ತಂತೆ," ಅಂದಳು ಅಮ್ಮ.

ಅಕ್ಕ ಸಿಲಿಂಡರ್, ಶೂ, ಪೈಪು ಎಲ್ಲ ಹೊಸದು ಹಾಕುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ತಮ್ಮ ಡ್ರಮ್ಮುಗಳನ್ನು ತೊಳೆದು ಒರೆಸಿಕೊಟ್ಟ. ಗ್ರೀಸಿನ ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದ, ಆದರೆ ಚೆನ್ನಾಗಿ ಒರೆಸಿದ.

ಉಳಿದದ್ದು ಹಳೇ ಬ್ರೇಕ್ ಆಯಿಲ್ ಹೊರಹಾಕಿ, ಪೈಪುಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಹತ್ತಿರ ತಿರುಪು ಸಡಿಲಿಸಿ, ಗಾಳಿ ಎಣ್ಣೆ ಎರಡನ್ನೂ ಬಾಟಲಿಗೆ ಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಹೋದ ಗಾಳಿ ವಾಪಸ್ ಬರುತ್ತದೆ.

"ಅಮ್ಮಾ, ನೀನು ಹತ್ತು," ಅಂದಳು ಅಕ್ಕ.

ಅಮ್ಮ ಸೀರೆ ಎತ್ತಿಕಟ್ಟಿ ಡ್ರೈವರ್ ಸೀಟಿಗೆ ಹತ್ತಿದಳು. ಜೀವನದಲ್ಲಿ ಮೊದಲ ಸಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡಳು, ಗಾಡಿ ಎಲ್ಲಿಗಾದರೂ ಹೊರಟುಬಿಟ್ಟರೆ ಎಂದು.

"ಒತ್ತು."

"ಒತ್ತಿದೆ."

"ಹಿಡಿದಿರು." ಅಕ್ಕ ತಿರುಪು ಸಡಿಲಿಸಿದಳು. ಎಣ್ಣೆ ಹೊರಟಿತು, ಗುಳ್ಳೆಗಳು ಬಂದವು, ನಂತರ ಸರ್ರನೆ ಎಲ್ಲವೂ ಒಳಕ್ಕೆ ಹೋದವು. "ಅಮ್ಮಾ! ನಾನು ಬಿಡು ಅನ್ನೋ ತನಕ ಬಿಡಬಾರದು."

"ನನ್ನ ಕಾಲಿಗೆ ಅರವತ್ತೆಂಟು ವರ್ಷ. ಅದಕ್ಕೆ ಅನ್ನಿಸಿದಾಗ ಬಿಡುತ್ತೆ."

ಆರು ಸಲ ಹೀಗೇ ಆಯಿತು. ಏಳನೆಯ ಸಲ ಅಮ್ಮ ಇಳಿದು, ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತು, ತನ್ನ ಮೊಣಕಾಲನ್ನು ತಾನೇ ಒತ್ತಿಕೊಳ್ಳತೊಡಗಿದಳು. ಇಬ್ಬರಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ತಮ್ಮ ಗಾಡಿ ಹತ್ತಿ ಕೂತ.

ಅಕ್ಕ ಗಾಡಿಯ ಕೆಳಗಿನಿಂದ ಅಮ್ಮನತ್ತ ನೋಡಿದಳು. ಅಮ್ಮ ಮೊಣಕಾಲಲ್ಲೇ ಮುಳುಗಿದ್ದಳು.

"ಒತ್ತು," ಅಂದಳು ಅಕ್ಕ ಕೊನೆಗೆ, ಚಕ್ರಕ್ಕೆ ಹೇಳಿದಂತೆ.

"ಒತ್ತಿದೆ," ಅಂದ ತಮ್ಮ ಸ್ಟೇರಿಂಗಿಗೆ.

"ಹಿಡಿದಿರು... ಬಿಡು."

ಹಿಂದಿನ ಎರಡು ಗಾಲಿ ಹೀಗೆ ಮುಗಿದವು. ಮುಂದಿನ ಎಡಗಾಲಿಗೆ ಬಂದಾಗ ಅವನು ಕೆಲಸಕ್ಕೆ ಬೇಡದ ಒಂದು ಪ್ರಶ್ನೆ ಕೇಳಿದ. "ಗುಳ್ಳೆ ಬರ್ತಿದೆಯಾ?"

ಕೆಳಗೆ ಅಕ್ಕ ಬಾಟಲಿ ನೋಡಿದಳು. "ಬರ್ತಿದೆ."

"ದೊಡ್ಡದಾ?"

"ಸಣ್ಣದು." ಆಮೇಲೆ ಅವಳೇ ಬಾಟಲಿ ಎತ್ತಿ ತೋರಿಸಿದಳು. ಆಯಿಲ್ ಕಪ್ಪು ಕಾಫಿಯಂತಿತ್ತು. "ಇದು ಅಪ್ಪ ಹಾಕಿದ್ದು. ಒಂದು ಸಲಾನೂ ಬದಲಾಯಿಸಿಲ್ವಾ?"

"ಅಪ್ಪ ಹಾಕಿದ್ದು ಅಂತಾನೇ ಬದಲಾಯಿಸಲಿಲ್ಲ."

"ಅಪ್ಪ ಎರಡು ವರ್ಷಕ್ಕೊಂದು ಸಲ ಚೆಲ್ಲೋನು."

"ಹೌದಾ?"

"ಹೂಂ. ಒತ್ತು."

ನಾಲ್ಕನೇ ಗಾಲಿ ಮುಗಿದಾಗ ಪೆಡಲ್ ಅರ್ಧದಾರಿಯಲ್ಲೇ ಗಟ್ಟಿಯಾಗಿ ನಿಂತಿತು. ಓಡಿಸಿ ನೋಡಬೇಕು, ಮೊದಲು ಕನ್ನಡಿ ಇಳಿಸು ಅಂದಳು ಅಕ್ಕ. ಕನ್ನಡಿ ಚೆನ್ನಾಗಿ ಕಟ್ಟಿದೆ, ಕ್ಷೌರದವನು ಬೆಳಿಗ್ಗೆಯಿಂದ ಕಾಯ್ತಿದಾನೆ, ಹಾಗೇ ಕೊಟ್ಟು ಬರೋಣ ಅಂದ ತಮ್ಮ. ಗಾಜಿನ ವಿಷಯ ಅವನದ್ದು ಎಂದು ಅವಳು ಒಪ್ಪಿದಳು. ಮೂವರೂ ಮುಂದಿನ ಸೀಟಿನಲ್ಲಿ ಕೂತರು, ನಡುವೆ ಅಮ್ಮ.

"ಮೊದಲು ಮೆಲ್ಲಗೆ ಒತ್ತು," ಅಂದಳು ಅಕ್ಕ.

ಗಲ್ಲಿಯಲ್ಲಿ ಎರಡು ಸಲ ಮೆಲ್ಲಗೆ ಒತ್ತಿದ. ಗಾಡಿ ಸಭ್ಯವಾಗಿ ನಿಂತಿತು. ಅವನಿಗೆ ಸಂತೋಷವಾಗಿ ದೊಡ್ಡ ರಸ್ತೆಗಿಳಿದ. ಅಲ್ಲಿ ಮುಂದೆ ಹೋಗುತ್ತಿದ್ದ ಬಸ್ಸು ನಿಲ್ದಾಣಕ್ಕೆ ತಿರುಗಿತು, ಇನ್ನೂ ಬಹಳ ದೂರದಲ್ಲಿ. ಅವನ ತಲೆಗೆ ಹೊಸ ಬ್ರೇಕಿನ ವಿಷಯ ಗೊತ್ತಿತ್ತು. ಕಾಲಿಗೆ ಯಾರೂ ಹೇಳಿರಲಿಲ್ಲ. ಕಾಲು ಐದು ವರ್ಷದ ಬಲವನ್ನೆಲ್ಲ ಹಾಕಿ ಒತ್ತಿತು.

ಗಾಡಿ ಖಾಲಿ ರಸ್ತೆಯ ನಡುವೆ, ಯಾರಿಗೂ ಬೇಡದ ಜಾಗದಲ್ಲಿ, ಅಲ್ಲಾಡದೆ ನಿಂತಿತು. ಅಮ್ಮ ಇಬ್ಬರ ತೋಳುಗಳನ್ನೂ ಹಿಡಿದುಕೊಂಡಿದ್ದಳು. ಅಕ್ಕನ ಹಣೆ ಮುಂದಿನ ಗಾಜಿಗೆ ಟಕ್ಕೆಂದಿತು. ಹಿಂದೆ ಏನೋ ಒಂದು ದೀರ್ಘವಾಗಿ ಸದ್ದು ಮಾಡುತ್ತ ಒಡೆಯಿತು.

"ಅಕ್ಕಾ! ಏಟಾಯ್ತಾ? ತೋರಿಸು."

ಮೂರು ವರ್ಷದಿಂದ ಅವನು ಅವಳನ್ನು ಅಕ್ಕಾ ಎಂದು ಕರೆದಿರಲಿಲ್ಲ. ಅಕ್ಕ ಹಣೆ ಉಜ್ಜಿಕೊಳ್ಳುತ್ತ ಬಸ್ಸಿನ ದೂರವನ್ನು ಅಳೆದಳು. "ನಿಲ್ತು," ಅಂದಳು.

"ನಿಲ್ತು."

ಕನ್ನಡಿ ಮೂರು ತುಂಡಾಗಿತ್ತು. ಕ್ಷೌರದಂಗಡಿಗೆ ಮೂವರೂ ಹೋದರು. ಒಬ್ಬ ಗಿರಾಕಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕನ್ನಡಿಯಿಲ್ಲದ ಗೋಡೆ ನೋಡುತ್ತ ಕೂತಿದ್ದ.

"ತಪ್ಪು ನಂದು," ಅಂದಳು ಅಕ್ಕ ಕ್ಷೌರದವನಿಗೆ. "ಕನ್ನಡಿ ಇಳಿಸಿ ಓಡಿಸಬೇಕಿತ್ತು."

"ಅವಳು ಹೇಳಿದ್ಲು. ನಾನೇ ಇಳಿಸಲಿಲ್ಲ."

"ನಾನು ಗಟ್ಟಿಯಾಗಿ ಹೇಳಬೇಕಿತ್ತು."

"ನೀನು ಯಾವಾಗ ಮೆಲ್ಲಗೆ ಹೇಳಿದೀಯ?"

ಗಿರಾಕಿಯ ನೊರೆ ಒಣಗುವ ತನಕ ಇದು ನಡೆಯಿತು. ನಾಳೆ ಮಧ್ಯಾಹ್ನಕ್ಕೆ ಹೊಸ ಕನ್ನಡಿ ಎಂದು ತೀರ್ಮಾನವಾಯಿತು.

ಕಾಲಿಗೆ ಹೊಸ ಬ್ರೇಕ್ ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಅಷ್ಟು ದಿನ, ಗಾಜು ಹೇರಿದಾಗಲೆಲ್ಲ ಅಕ್ಕ ಓಡಿಸಿದಳು. ತಮ್ಮ ಹಿಂದೆ ನಿಂತು ಗಾಜು ಹಿಡಿದುಕೊಂಡ. ನಡುವಿನ ಸಣ್ಣ ಕಿಟಕಿಯಿಂದ ಅವನು, "ಈಗ ಒತ್ತು, ಈಗ ಒತ್ತು," ಎಂದು ಎರಡು ಅಂಗಡಿ ಮೊದಲೇ ಕೂಗುತ್ತಿದ್ದ. ಅವಳು ತನಗೆ ಬೇಕಾದಲ್ಲಿ ಒತ್ತುತ್ತಿದ್ದಳು. ಪಕ್ಕದಲ್ಲಿ ಅಮ್ಮ ಹೊಸ ಕನ್ನಡಕ ಹಾಕಿಕೊಂಡು, ಕಾಲು ಚಾಚಿ, ಅಂಗಡಿಗಳ ಬೋರ್ಡು ಓದುತ್ತಿದ್ದಳು.