ಮಡುವಿನ ಮೀನಿಗೆ ಸೇತುವೆಯ ವಿಳಾಸ

ಹೊಳೆಯಲ್ಲಿ ಮೀನು ಕಡಿಮೆಯಾಯಿತು ಅಂತ ನಮ್ಮಲ್ಲಿ ಎಲ್ಲರೂ ಗೊಣಗುತ್ತಾರೆ. ಎಲ್ಲಿ ಕಡಿಮೆಯಾಯಿತು, ಯಾವ ಮೀನು ಕಡಿಮೆಯಾಯಿತು ಅಂತ ಕೇಳಿ ನೋಡಿ. ಎಲ್ಲರ ಬಾಯಿಗೂ ಬೀಗ.

ಮೀನು ಹಿಡಿಯುವವರ ಮನೆಯಲ್ಲಿ ಒಂದು ಪಾಠವಿದೆ. ಬಲೆ ಎಲ್ಲಿ ಹಾಕಿದೆ ಅಂತ ಯಾರೇ ಕೇಳಲಿ, ಬೇರೆ ಜಾಗ ಹೇಳಬೇಕು. ನನ್ನ ಮಾವ ಹಾಗೇ ಹೇಳುತ್ತಿದ್ದರು, ನನ್ನ ಗಂಡ ಅವರಿಂದ ಕಲಿತರು. ಮಾರುಕಟ್ಟೆಯಲ್ಲಿ ಮೀನು ಮಾರುವ ನಾನೂ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹಾಗೇ ಹೇಳಿಕೊಂಡು ಬಂದೆ.

ನಾಲ್ಕು ವರ್ಷದ ಹಿಂದೆ ನನ್ನ ತಂಗಿ ಮನೆಗೆ ಬಂದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನನ್ನ ಗಂಡ ಹೊರಗೆ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಪಕ್ಕದ ಬುಟ್ಟಿಯಲ್ಲಿ ಕೆಂಬಾಲವಿತ್ತು. ಬಾಲ ಕೆಂಪಗಿರುವ ಆ ಮೀನು ಬೇರೆ ಹೊಳೆಗಳಲ್ಲಿ ಆಗಲೇ ಇಲ್ಲವಾಗಿತ್ತು. ತಂಗಿ ಮೊಬೈಲ್ ತೆಗೆದು ಅದರ ಫೋಟೋ ಹಿಡಿದಳು.

“ಭಾವ, ಇದು ಎಲ್ಲಿ ಸಿಕ್ತು?”

“ಯಾಕೆ ಟೀಚರಮ್ಮ, ನೀನೂ ಬಲೆ ಹಿಡೀತೀಯಾ?”

“ಬಲೆ ನಿಮಗೇ ಇರಲಿ. ನಾನು ಬರೆದು ಹಾಕ್ತೀನಿ. ಯಾವ ಜೀವಿ, ಯಾವ ಜಾಗ, ಯಾವ ದಿನ, ನೋಡಿದ್ದು ಯಾರು. ಇಷ್ಟೇ. ಬೇರೆ ಬೇರೆ ಊರಿನವರು ಬರೆದದ್ದೆಲ್ಲ ಇಂಟರ್ನೆಟ್ಟಿನಲ್ಲಿ ಒಂದೇ ಕಡೆ ಸೇರುತ್ತೆ. ಸಂಶೋಧಕರು ಅದನ್ನ ನಕ್ಷೆ ಮೇಲಿಟ್ಟು ನೋಡ್ತಾರೆ. ಈ ಮೀನು ಎಲ್ಲಿ ಉಳಿದಿದೆ, ಯಾವಾಗ ಮೊಟ್ಟೆ ಇಡುತ್ತೆ, ಎಲ್ಲಿ ಕಾಣೆಯಾಯ್ತು ಅಂತ ಆಗ ಗೊತ್ತಾಗುತ್ತೆ.”

“ನಾನೊಬ್ಬ ಹೇಳಿದ್ರೆ ಅಷ್ಟೆಲ್ಲ ಗೊತ್ತಾಗುತ್ತಾ?”

“ನಿಮ್ಮೊಬ್ಬರಿಂದ ಆಗಲ್ಲ. ಸಾವಿರ ಜನ ಹೇಳಿದ್ರೆ ಆಗುತ್ತೆ. ಆ ಸಾವಿರದಲ್ಲಿ ನೀವೂ ಒಬ್ರು.”

“ಊರಿಗೆಲ್ಲ ಡಂಗುರ ಹೊಡೆಸಿದ ಹಾಗಾಯ್ತು. ನಾಳೆ ಬೆಳಗ್ಗೆ ಹತ್ತು ದೋಣಿ ಅಲ್ಲೇ ನಿಂತಿರುತ್ತೆ.”

“ಅಪರೂಪದ ಜೀವಿಯಾದ್ರೆ ಸರಿಯಾದ ಜಾಗ ಎಲ್ಲರಿಗೂ ಕಾಣದ ಹಾಗೆ ಇಡಬಹುದು ಭಾವ. ಅದಕ್ಕೂ ದಾರಿ ಇದೆ.”

ಇವರು ಬಲೆಯಿಂದ ಕಣ್ಣೆತ್ತದೆ ಹೇಳಿದರು. “ಹಳೇ ಸೇತುವೆ ಕೆಳಗೆ.”

ಒಳಗೆ ಮೀನಿನ ಪೊರೆ ತೆಗೆಯುತ್ತಿದ್ದ ನನಗೆ ಅದು ಕೇಳಿಸಿತು. ಮೀನು ಸಿಕ್ಕಿದ್ದು ಸೇತುವೆಯಿಂದ ಎರಡು ಮೈಲಿ ಮೇಲಿರುವ ಮಡುವಿನಲ್ಲಿ. ಅಲ್ಲಿ ನೀರು ಆಳ, ಓಟ ಕಡಿಮೆ. ಮೊದಲ ಮಳೆಗೆ ಕೆಂಬಾಲ ಮೊಟ್ಟೆ ಇಡಲು ಅಲ್ಲಿಗೇ ಬರುತ್ತದೆ. ನನಗೆ ಇದೆಲ್ಲ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ತಂಗಿ ಇವರ ಹೆಸರಿನಲ್ಲಿ ಹಾಗೇ ಬರೆದು ಹಾಕಿದಳು. ಆಮೇಲೆ ಸಂಶೋಧಕರು ಸೇತುವೆಯ ಕೆಳಗೆ ಮೂರು ಸಲ ಬಂದರು. ಎದೆಮಟ್ಟದ ನೀರಿನಲ್ಲಿ ದಿನವಿಡೀ ಬಲೆ ಎಳೆದು ಬರಿಗೈಯಲ್ಲಿ ಹೋದರು. ಇವರು ದೋಣಿಯಲ್ಲಿ ಕೂತು ಮೀಸೆ ತಿರುವಿದರು. ಮೂರನೇ ಸಲ ಅವರು ಹೋದ ಸಂಜೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಹೋದ ವರ್ಷ ನೋಟಿಸು ಬಂತು. ಮಡುವಿನ ಬಾಯಿಗೆ ಕಲ್ಲಿನ ಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿ, ಮೇಲೆ ಗೋದಾಮು ಕಟ್ಟುತ್ತಾರಂತೆ. ಆಕ್ಷೇಪಣೆ ಇದ್ದವರು ಸಭೆಗೆ ಬರಬೇಕಂತೆ. ಇವರು ಒಗೆದ ಅಂಗಿ ಹಾಕಿಕೊಂಡು ಹೋದರು. ನಾನೂ ತಂಗಿಯೂ ಜೊತೆಗಿದ್ದೆವು.

“ಸಾರ್, ಮಡು ಮುಚ್ಚಬೇಡಿ. ಕೆಂಬಾಲ ಮೊಟ್ಟೆ ಇಡೋದು ಅಲ್ಲೇ.”

ಅಧಿಕಾರಿ ರಿಪೋರ್ಟಿನ ಹಾಳೆ ತಿರುವಿದರು. “ಮಡುವಿನಲ್ಲಿ ಆ ಮೀನು ಇದೆ ಅಂತ ಒಂದು ದಾಖಲೆಯೂ ಇಲ್ಲ. ಇರೋದು ಸೇತುವೆಯದು. ಅಲ್ಲಿ ಮೂರು ಸಲ ಹುಡುಕಿದ್ದಾರೆ, ಸಿಕ್ಕಿಲ್ಲ. ಅಂದರೆ ಈ ಹೊಳೆಯಲ್ಲಿ ಅದು ಮುಗಿದಿದೆ.”

“ಸೇತುವೆ ಕೆಳಗೆ ಅದು ಯಾವತ್ತೂ ಇರಲಿಲ್ಲ ಸಾರ್.”

“ಇದೆ ಅಂತ ಹೇಳಿದವರು ನೀವೇ. ಇಲ್ಲಿ ನಿಮ್ಮ ಹೆಸರಿದೆ.”

“ಅದು ಸುಳ್ಳು.”

“ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?”

ಸಭೆ ಗೊಳ್ಳೆಂದು ನಕ್ಕಿತು. ಮಳೆಯವರೆಗೆ ಕಾಯಿರಿ, ಮೀನು ಹಿಡಿದು ತೋರಿಸುತ್ತೇವೆ ಅಂತ ತಂಗಿ ಕೈಮುಗಿದಳು. ಟೆಂಡರ್ ಆಗಿಹೋಗಿದೆ ಅಂದರು. ತಿಂಗಳೊಳಗೆ ಲಾರಿಗಳು ಬಂದವು.

ಆ ಭಾನುವಾರ ತಂಗಿ ನಮ್ಮ ಅಡುಗೆಮನೆಯಲ್ಲಿ ಕೂತಳು. ಕಾಫಿ ಮುಟ್ಟಲಿಲ್ಲ.

“ಹೇಳಲ್ಲ ಅಂದಿದ್ರೂ ಸಾಕಿತ್ತು ಭಾವ. ಇನ್ನೂ ಗೊತ್ತಿಲ್ಲ ಅಂತ ಇಡೀ ಹೊಳೆ ಹುಡುಕ್ತಿದ್ರು. ನೀವು ತಪ್ಪು ಜಾಗ ಕೊಟ್ಟು ಎಲ್ಲರನ್ನೂ ಅಲ್ಲಿಗೇ ಕಳಿಸಿದ್ರಿ. ಅಲ್ಲಿ ಸಿಗಲಿಲ್ಲ ಅಂತ ಮೀನನ್ನೇ ಇಲ್ಲ ಅನ್ನಿಸಿದ್ರಿ.”

“ಅವರನ್ನೊಬ್ಬರನ್ನೇ ಬೈಬೇಡ ಕಣೇ. ಆವತ್ತು ನನಗೂ ಗೊತ್ತಿತ್ತು,” ಅಂದೆ.

“ನೀನೂನಾ ಅಕ್ಕ?” ಅಂದಳು. ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನಮ್ಮದು ಅದೇ ಕಥೆ. ಈ ವರ್ಷ ಮೊದಲ ಮಳೆಗೆ ಕೆಂಬಾಲಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಮೇಲೆ ಬಂದವು. ಗೋಡೆಗೆ ಮೂತಿ ತಾಗಿಸಿ ಹಿಂದೆ ಸರಿದವು, ಮತ್ತೆ ಬಂದವು. ಮೂರು ದಿನ ಹಾಗೇ ನಡೆಯಿತು. ನಾಲ್ಕನೇ ದಿನ ಸತ್ತ ಮೀನುಗಳು ದಡಕ್ಕೆ ಬಿದ್ದವು. ಇವರು ಬಲೆ ಹಾಕಲಿಲ್ಲ. ನನ್ನ ಮೊಬೈಲ್ ಕೇಳಿ ಫೋಟೋ ತೆಗೆದರು. ದಿನ ಬರೆಸಿದರು. ಜಾಗ ಬರೆಸಿದರು, ಸರಿಯಾದ ಜಾಗ. ಆ ಕೆಲಸಕ್ಕೆ ಒಂದೇ ನಿಮಿಷ ಸಾಕಾಯಿತು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಈಗ ಇವರು ಕಂಡ ಮೀನನ್ನೆಲ್ಲ ಬರೆಸುತ್ತಾರೆ. ಹುಡುಕಿ ಸಿಗದಿದ್ದರೆ ಅದನ್ನೂ ಬರೆಸುತ್ತಾರೆ. ಹೊಳೆಯ ಮೇಲುಗಡೆ ಇನ್ನೆರಡು ಮಡುಗಳಿವೆ, ಅಲ್ಲಿ ಬೇರೆ ಮೀನುಗಳಿವೆ. ಕೆಂಬಾಲ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆರೆಯಲ್ಲಿ, ಬೇಲಿಯಲ್ಲಿ, ಹಿತ್ತಿಲಲ್ಲಿ ಯಾವ ಜೀವ ಇದೆ ಅಂತ ನಿಮಗೆ ಗೊತ್ತು. ಆಫೀಸಿನ ಕಾಗದಕ್ಕೆ ಗೊತ್ತಿಲ್ಲ. ಫೋಟೋ ತೆಗೆಯಿರಿ, ದಿನ ಬರೆಯಿರಿ, ಜಾಗವನ್ನು ಇದ್ದಂತೆಯೇ ಹೇಳಿ. ಬರೆಯಲು ಬಾರದಿದ್ದರೆ ಹತ್ತಿರದ ಶಾಲೆಯ ಟೀಚರನ್ನು ಕೇಳಿ. ಹೇಳಲು ಮನಸ್ಸಿಲ್ಲವೇ, ಸುಮ್ಮನಿರಿ. ಸುಳ್ಳು ಜಾಗ ಮಾತ್ರ ಹೇಳಬೇಡಿ. ಲಾರಿ ಬಂದ ಮೇಲೆ ನೀವು ಹೇಳುವ ನಿಜವನ್ನು ಯಾರೂ ನಂಬುವುದಿಲ್ಲ. ಇವತ್ತೇ ಬರೆಯಿರಿ.